ಭಾವನಿಗೊಂದು ಗಟ್ಟಿ ಕುರ್ಚಿ

ಎರಡು ವರ್ಷದ ಹಿಂದೆ ಅಂಗಳದಲ್ಲಿ ಭಾವ ಕೂತಿದ್ದ ಬೆತ್ತದ ಕುರ್ಚಿ ಮುರಿದು ಬಿದ್ದಾಗ, ಪ್ರೂಫ್ ರೀಡರ್ ಓಡಿಬಂದು ಮೊದಲು ಕೇಳಿದ್ದು, "ಅಯ್ಯೋ, ಕುರ್ಚಿಗೇನಾಯ್ತು?" ಎಂದು.

ಭಾವ ಎಂದರೆ ಇವನ ಹೆಂಡತಿಯ ಅಣ್ಣ. ಭಾರೀ ಆಳು. ನೆಲದ ಮೇಲೆ ಕೂತಿದ್ದವರು ನಿಧಾನವಾಗಿ ಎದ್ದು, ಮಣ್ಣು ಕೊಡವಿಕೊಂಡು, ತುಟಿ ಪಿಟಕ್ಕೆನ್ನದೆ ಹೊರಟುಹೋದರು. ಆಮೇಲೆ ಯಾರಿಗೂ ಮುಖ ತೋರಿಸಲಿಲ್ಲ; ತಂಗಿಯೊಡನೆ ಬರೀ ಫೋನು, ಇವನೊಡನೆ ಮಾತೂ ಇಲ್ಲ. ಫೋನನ್ನು ಇವನು ಎತ್ತಿದರೆ ಆ ಕಡೆಯಿಂದ ಬರೀ ಉಸಿರು. ಬೈದಿದ್ದರೆ ಮರೆಯಬಹುದಿತ್ತು, ಉಸಿರನ್ನು ಮರೆಯುವುದು ಹೇಗೆ?

ಈ ಭಾನುವಾರ ಬೆಳಿಗ್ಗೆ ಹೆಂಡತಿ ಬಂದು ಎದುರು ನಿಂತಳು.

"ಸಂಜೆ ಅಣ್ಣ ಬರ್ತಾನಂತೆ. ಹಳೇದೆಲ್ಲ ಬಿಟ್ಟುಬಿಡೋಣ ಅಂದ. ಬಂದ್ರೆ ಅವನು ಅಂಗಳದಲ್ಲೇ ಕೂರೋದು, ಗೊತ್ತಲ್ಲ? ಈ ಸಲವೂ ಏನಾದ್ರೂ ಮುರೀತೋ, ನನ್ನ ತವರಿನ ಬಾಗಿಲು ಮುಚ್ಚಿದ ಹಾಗೇ."

"ಮರದ್ದು ತರ್ಲಾ?"

"ಮಳೇಲಿ ನೆನೆದು ಗೆದ್ದಲು ಹತ್ತುತ್ತೆ. ಲೋಹದ್ದು ತನ್ನಿ. ಯಾವ ಲೋಹ ಒಳ್ಳೇದು ಅಂತ ನಾಲ್ಕು ಜನರನ್ನ ವಿಚಾರಿಸಿ."

ವಿಚಾರಿಸಿ ಎಂಬ ಮಾತು ಅವಳ ಬಾಯಿಂದ ಬೀಳುವುದಕ್ಕೂ ಪಕ್ಕದ ಮನೆಯ ಡ್ರಿಲ್ ಮಾಸ್ತರರ ತಲೆ ಕಾಂಪೌಂಡಿನ ಮೇಲೆ ಏಳುವುದಕ್ಕೂ ಸರಿಹೋಯಿತು. ನಿವೃತ್ತರಾದ ಮೇಲೆ ಸಾಲಾಗಿ ನಿಲ್ಲಿಸಲು ಮಕ್ಕಳು ಸಿಗದೆ ಅವರು ಬೀದಿಯವರನ್ನೇ ನಿಲ್ಲಿಸುತ್ತಿದ್ದರು.

"ಲೋಹ ತಾನೆ? ನಡೀರಿ, ನಾನೂ ಬರ್ತೀನಿ. ನನ್ನ ಹತ್ರ ಅಯಸ್ಕಾಂತ ಇದೆ!"

ಅಂಗಡಿಯವನು ಮೊದಲು ತೋರಿಸಿದ್ದು ಅಲ್ಯೂಮಿನಿಯಂ ಕುರ್ಚಿ. "ತುಕ್ಕು ಹಿಡಿಯಲ್ಲ ಸಾರ್. ಮಳೆ, ಬಿಸಿಲು ಯಾವುದಕ್ಕೂ ಜಗ್ಗಲ್ಲ. ಒಬ್ರೇ ಎತ್ತಿಕೊಂಡು ಹೋಗ್ಬಹುದು."

ಮಾಸ್ತರರು ಅದನ್ನು ಕಿರುಬೆರಳಲ್ಲಿ ಎತ್ತಿ ತೂಗಾಡಿಸಿದರು. "ಇದೇನಯ್ಯ ಇದು, ಕುರ್ಚಿಯೋ ಕುರ್ಚಿಯ ನೆರಳೋ? ಇವರ ಭಾವನ್ನ ನೀನು ನೋಡಿಲ್ಲ. ಅವರು ಕೂತ್ರೆ ಇದು ನೆಲಕ್ಕೆ ಬಳಿದ ಬಣ್ಣ ಆಗಿಬಿಡುತ್ತೆ. ಮುಂದಿನದು!"

ಮುಂದಿನದು ಸ್ಟೇನ್‌ಲೆಸ್ ಸ್ಟೀಲಿನದು. ಅಂಗಡಿಯ ಮುಂದೆ ಬಿಸಿಲಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು. "ಕೂತು ನೋಡಿ," ಎಂದು ಮಾಸ್ತರರು ಆಜ್ಞೆ ಮಾಡಿದರು. ಪ್ರೂಫ್ ರೀಡರ್ ಕೂತ. ಕೂತಷ್ಟೇ ಬೇಗ ಎದ್ದ. ಎದ್ದವನ ಬಾಯಿಂದ ಹೊರಟ ಅಕ್ಷರ ಅವನು ಇಷ್ಟು ವರ್ಷ ತಿದ್ದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

"ಬಿಸಿಲಲ್ಲಿಡೋ ಕುರ್ಚಿಗೆ ಮೆತ್ತೆ ಹಾಕ್ಬೇಕು ಸಾರ್," ಎಂದ ಅಂಗಡಿಯವನು.

"ಮೆತ್ತೆ ಯಾರಿಗೆ, ಕುರ್ಚಿಗೋ ಇವರಿಗೋ? ಮುಂದಿನದು!"

ಕಬ್ಬಿಣದ ಪೈಪಿನ ಕುರ್ಚಿಗೆ ಅಯಸ್ಕಾಂತ ಟಪ್ ಎಂದು ಅಂಟಿಕೊಂಡಿತು. ಮಾಸ್ತರರು ಕಾಲಿನ ಬಣ್ಣವನ್ನು ಉಗುರಿನಿಂದ ಕೆರೆದರು. ಒಳಗೆ ಕೆಂಪಗೆ ತುಕ್ಕು ಇಣುಕಿತು. "ನೋಡಿ, ಮೇಲೆ ಪೌಡರ್, ಒಳಗೆ ಕಾಯಿಲೆ." ಅಂಗಡಿಯವನು ಆ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದ.

ಆಗ ಹಿಂದಿನ ಮೂಲೆಯಲ್ಲಿ ಕತ್ತಲಿನೊಡನೆ ಕತ್ತಲಾಗಿ ಕೂತಿದ್ದ ಒಂದು ಆಕಾರ ಮಾಸ್ತರರ ಕಣ್ಣಿಗೆ ಬಿತ್ತು. ಎರಕದ ಕಬ್ಬಿಣದ ಕುರ್ಚಿ. ಕಾಲು ಒಂದೊಂದೂ ತೆಂಗಿನ ಬುಡದ ಹಾಗೆ.

"ಅದು ಬೇಡ ಸಾರ್. ಯಾರೋ ಹೇಳಿ ಮಾಡಿಸಿದ್ರು, ಎತ್ತೋಕಾಗ್ದೆ ಬಿಟ್ಟುಹೋದ್ರು."

ಮಾಸ್ತರರು ಅದರ ಮೇಲೆ ಹತ್ತಿ ಕುಪ್ಪಳಿಸಿದರು. ಕುರ್ಚಿ ಕದಲಲಿಲ್ಲ, ಮಾಸ್ತರರ ಕನ್ನಡಕ ಮಾತ್ರ ಹಾರಿತು. "ಇದೇ!" ಎಂದು ಕೂಗಿದರು. ಪ್ರೂಫ್ ರೀಡರ್ ಎಂದಿನಂತೆ ತಲೆಯಾಡಿಸಿದ.

ಕುರ್ಚಿ ಮನೆ ಸೇರುವಷ್ಟರಲ್ಲಿ ತಳ್ಳುಗಾಡಿಯ ಒಂದು ಚಕ್ರ ಸೊಟ್ಟಗಾಗಿತ್ತು, ಪ್ರೂಫ್ ರೀಡರನ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು, ಎತ್ತಲು ಬಂದವರಲ್ಲಿ ಒಬ್ಬ ಸೊಂಟ ಹಿಡಿದುಕೊಂಡು ಅಡ್ಡಡ್ಡ ನಡೆಯುತ್ತಿದ್ದ. ಎದುರುಮನೆಯ ರೇಡಿಯೋ ಅತ್ತೆ ಆಗಲೇ ಬೀದಿಗೆಲ್ಲ ಸುದ್ದಿ ಬಿತ್ತರಿಸಿ ಬಂದಿದ್ದರು.

"ತಡೆಯುತ್ತಾ ಇದು? ಆ ಮಹಾನುಭಾವ ಬಿದ್ದಾಗ ನಮ್ಮನೆ ಪಾತ್ರೆ ಅಲ್ಲಾಡಿತ್ತು ಕಣ್ರೀ!"

"ಪರೀಕ್ಷೆ ಮಾಡೋಣ," ಎಂದರು ಮಾಸ್ತರರು. "ಹತ್ತಿ ಎಲ್ಲರೂ! ಗಟ್ಟಿಮುಟ್ಟಾದವರು ನಡುವೆ, ಸಣ್ಣಗಿರೋರು ಕೈ ಮೇಲೆ!"

ಹೀಗೆ ಐದು ಜನ ಆ ಕುರ್ಚಿಯ ಮೇಲೆ ಗೊಂಚಲಾಗಿ ತೂಗುತ್ತಿದ್ದಾಗ ಗೇಟು ತೆರೆಯಿತು. ಅಪರಿಚಿತನೊಬ್ಬ ಒಳಗೆ ಬಂದ. ಕಡ್ಡಿಯಂಥ ಮೈ. ಹ್ಯಾಂಗರಿಗೆ ನೇತು ಹಾಕಿದಂತಿದ್ದ ಅಂಗಿ. ನಗುವಿಗೋ ಹೊಗಳಿಕೆಗೋ ಕಾದಂತೆ ಎದೆಯುಬ್ಬಿಸಿ ನಿಂತ.

"ಯಾರು ಬೇಕಾಗಿತ್ತು?" ಎಂದ ಪ್ರೂಫ್ ರೀಡರ್. "ಮೀಟರ್ ಓದೋಕಾ? ಆ ಕಡೆ ಗೋಡೇಲಿದೆ."

"ಅಣ್ಣಾ!" ಎಂದು ಹೆಂಡತಿ ಬಾಗಿಲಲ್ಲಿ ಚೀರಿದಳು.

ರೇಡಿಯೋ ಅತ್ತೆ ಕುರ್ಚಿಯ ತುದಿಯಿಂದ ಕೆಳಗಿಳಿದು ಭಾವನನ್ನು ಸುತ್ತಿ ನೋಡಿದರು. "ಇಷ್ಟೇನಾ? ಇವರಿಗೋಸ್ಕರಾನಾ ನಾವು ಐದು ಜನ ಹತ್ತಿ ಪರೀಕ್ಷೆ ಮಾಡಿದ್ದು?"

ಭಾವ ಕುರ್ಚಿಯನ್ನು ನೋಡಿದರು. ಅದರ ಕಾಲುಗಳನ್ನು ನೋಡಿದರು. ಮೇಲಿನ್ನೂ ಉಳಿದಿದ್ದ ನಾಲ್ವರನ್ನು ನೋಡಿದರು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವರು ಇವನೊಡನೆ ಮಾತಾಡಿದರು.

"ಅವತ್ತಿಂದ ನಾನು ರಾತ್ರಿ ಊಟ ಬಿಟ್ಟೆ. ಬೆಳಗಾದ್ರೆ ಓಡ್ದೆ. ನೀವು ನೋಡಿ ಖುಷಿ ಪಡ್ಲಿ ಅಂತ ಬಂದೆ ಕಣ್ರೀ. ನನಗೆ ಈ ಕುರ್ಚೀನಾ?"

ಪ್ರೂಫ್ ರೀಡರ್ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಭಾವನ ಹಳೆಯ ಮೌನ ಇನ್ನೆರಡು ವರ್ಷ ಬೆಳೆಯುವುದನ್ನು ಕಣ್ಣಾರೆ ಕಂಡವನಂತೆ ಅವನು ಮಾತಿಗೆ ಮುಗ್ಗರಿಸಿದ.

"ಅಯ್ಯೋ, ಇದು ನಿಮಗೆ ತಂದಿದ್ದೇ ಅಲ್ಲ ಭಾವ!"

"ಮತ್ಯಾರಿಗೆ?"

ಪ್ರೂಫ್ ರೀಡರ್ ಸುತ್ತ ನೋಡಿದ. ಮಾಸ್ತರರು ಮುಖ ತಿರುಗಿಸಿದರು. ಬಾಗಿಲ ತುಂಬ ನಿಂತಿದ್ದ ಹೆಂಡತಿ ಕಣ್ಣಿಗೆ ಬಿದ್ದಳು.

"ನಿಮ್ಮ ತಂಗಿಗೆ."

ಭಾವನ ಮುಖದ ಗಂಟು ಒಂದೊಂದಾಗಿ ಸಡಿಲಿತು. ಅವರು ಮೆಟ್ಟಿಲು ಹತ್ತಿ ತಂಗಿಯ ಹೆಗಲ ಮೇಲೆ ಕೈಯಿಟ್ಟು, "ಬಾಮ್ಮ, ಒಳಗೆ ಹೋಗೋಣ. ನಿನ್ನ ಕಷ್ಟ ನನಗೀಗ ಗೊತ್ತಾಯ್ತು," ಎಂದರು. ಅಣ್ಣ ತಂಗಿ ಒಳಗೆ ಹೋದರು. ಚಿಲಕ ಬಿತ್ತು.

ರೇಡಿಯೋ ಅತ್ತೆ ಮಾತಿಲ್ಲದೆ ಮನೆಗೆ ಹೋದದ್ದನ್ನು ಬೀದಿ ಅಂದೇ ಮೊದಲು ಕಂಡಿತು. ಉಳಿದವರೂ ಒಬ್ಬೊಬ್ಬರಾಗಿ ಕರಗಿದರು. ಪ್ರೂಫ್ ರೀಡರ್ ಬಾಗಿಲು ತಟ್ಟಿದ, ಕಿಟಕಿ ತಟ್ಟಿದ. ಒಳಗಿನಿಂದ ಉಸಿರು ಕೇಳಿಸಿತು, ಈಗ ಇಬ್ಬರದು. ಅವನು ವಾಪಸು ಬಂದು ಕುರ್ಚಿಯ ಮೇಲೆ ಕುಸಿದ.

ಕಾಂಪೌಂಡಿನ ಮೇಲೆ ಮಾಸ್ತರರ ತಲೆ ಎದ್ದಿತು.

"ಧೈರ್ಯವಾಗಿ ಕಾಲು ಚಾಚಿ ಮಲಗಿಬಿಡಿ," ಎಂದರು ಸಮಾಧಾನದ ದನಿಯಲ್ಲಿ. "ಬೆಳಗಿನ ತನಕ ಅದಕ್ಕೇನೂ ಆಗಲ್ಲ."