ಎಣ್ಣೆ ಒಳಗಿಲ್ಲ, ಮೇಲಿದೆ

ಐವತ್ತರ ಹತ್ತಿರ ಬಂದವನಿಗೆ ಬೇರೇನೂ ಸಿಗದಿದ್ದರೂ ಸಲಹೆಗೆ ಮಾತ್ರ ಬರವಿಲ್ಲ. ಅವನಿಗೆ ಕೊಲೆಸ್ಟ್ರಾಲ್ ಇದ್ದು, ಅವನು ಗುಜರಾತಿನಲ್ಲೂ ಇದ್ದರೆ ಸಲಹೆಯ ಜೊತೆಗೆ ತಿಂಡಿಯೂ ಸಿಗುತ್ತದೆ. ಹೀಗಾಗಿ ನನಗೆ ವಾರಕ್ಕೊಂದಾದರೂ ಪ್ರಸಂಗ ತಪ್ಪಿದ್ದಲ್ಲ.

ನಾನು ದಾವಣಗೆರೆಯವನು. ಇಪ್ಪತ್ತು ವರ್ಷದಿಂದ ವಡೋದರದ ಗೋರ್ವಾದಲ್ಲಿ ವಾಸ, ಸರ್ಕಾರಿ ಕಂಪನಿಯಲ್ಲಿ ಕೆಲಸ. ನನ್ನಪ್ಪ ಎದೆನೋವು ಬಂದೇ ಹೋದವರು. ಈ ವರ್ಷ ನನ್ನ ರಕ್ತದ ರಿಪೋರ್ಟ್ ನೋಡಿದ ಡಾಕ್ಟರು ಮಾತ್ರೆ ಬರೆದು, "ಎಣ್ಣೆ, ಕರಿದದ್ದು ಕಡಿಮೆ ಮಾಡಿ. ಮೂರು ತಿಂಗಳಾದ ಮೇಲೂ ಇಳಿಯದಿದ್ದರೆ ದೊಡ್ಡ ಪರೀಕ್ಷೆಗಳನ್ನು ಮಾಡಿಸಬೇಕಾಗುತ್ತೆ" ಎಂದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅರ್ಧ ಲೀಟರ್

ಹೆದರಿದವನು ಸೀದಾ ಎಣ್ಣೆ ಅಂಗಡಿಗೆ ಹೋದೆ. ಇಲ್ಲಿ ಹೊಸ ಶೇಂಗಾ ಎಣ್ಣೆ ಬಂತೆಂದರೆ ಜನ ವರ್ಷಕ್ಕಾಗುವಷ್ಟು ಡಬ್ಬಗಳನ್ನು ಒಟ್ಟಿಗೇ ಕೊಳ್ಳುತ್ತಾರೆ, ಒಂದೊಂದೂ ಹದಿನೈದು ಕೆಜಿ. ನನ್ನ ಮುಂದಿದ್ದವರು ನಾಲ್ಕು ಡಬ್ಬ ರಿಕ್ಷಾಕ್ಕೆ ಹಾಕಿಸಿದರು. ನಾನು "ಅರ್ಧ ಲೀಟರ್" ಎಂದೆ.

"ದೇವರ ದೀಪಕ್ಕಾ ಭಾಯಿ?" ಎಂದರು ಅಂಗಡಿಯವರು.

"ಅಡುಗೆಗೆ. ಎಷ್ಟು ದಿನ ಬರುತ್ತೋ ನೋಡಬೇಕು."

ಅವರು ದನಿ ತಗ್ಗಿಸಿ, "ಮನೆಯವರು ಬಿಟ್ಟು ಹೋದರಾ?" ಎಂದರು. ಇಲ್ಲ, ಹೃದಯದ ತೊಂದರೆ ಎಂದೆ. ಅವರ ಕಣ್ಣು ತುಂಬಿ ಬಂತು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಕರಿದ ಗಾಠಿಯಾ ಪೊಟ್ಟಣ ಬಿಚ್ಚಿ ನನ್ನ ಕೈಗಿಟ್ಟರು.

"ಮೊದಲು ಇದನ್ನು ತಿನ್ನಿ. ಮುಖ ಎಷ್ಟು ಬಾಡಿದೆ ನೋಡಿ!"

ಉಧ್ನಾದ ಆರೋಗ್ಯ

ಆಫೀಸಿನ ಕೆಲಸದ ಮೇಲೆ ಸೂರತ್ತಿನ ಉಧ್ನಾಕ್ಕೆ, ಒಂದು ಬಟ್ಟೆ ಕಾರ್ಖಾನೆಗೆ ಹೋಗಿದ್ದೆ. ಅಲ್ಲಿನ ಮ್ಯಾನೇಜರ್ ತಿಂಡಿ ತರಿಸಲು ಹೊರಟಾಗ ಮೊದಲೇ ಹೇಳಿದೆ, ಎಣ್ಣೆಯದು ಬೇಡ ಎಂದು.

"ಚಿಂತೆ ಬೇಡ ಸರ್, ಲೋಚೋ ತರಿಸ್ತೀನಿ. ಕಡಲೆಬೇಳೆ ಹಿಟ್ಟು, ಬರೀ ಹಬೆಯಲ್ಲಿ ಬೇಯಿಸಿದ್ದು."

ತಟ್ಟೆ ಬಂತು. ಹಬೆಯಲ್ಲಿ ಬೆಂದದ್ದು ನಿಜ. ಆದರೆ ಅದರ ಮೇಲೆ ಎಣ್ಣೆ ಸುರಿದಿದ್ದರು, ಎಣ್ಣೆಯ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಸೇವ್. ನಾನು ಬಾಯಿ ಬಿಟ್ಟುಕೊಂಡು ಮ್ಯಾನೇಜರ್ ಮುಖ ನೋಡಿದೆ.

ಅವರು ಸಮಾಧಾನವಾಗಿ ಹೇಳಿದರು: "ಎಣ್ಣೆ ಒಳಗಿಲ್ಲ ಸರ್, ಮೇಲಿದೆ."

ಷಡ್ಡಕರ ಗ್ರಾಫು

ನನ್ನ ಷಡ್ಡಕರು ಅಹಮದಾಬಾದಿನಲ್ಲಿ ವಿಜ್ಞಾನಿ. ತುಪ್ಪ ತಿನ್ನಬಹುದೋ ಬಾರದೋ, ಒಂದೇ ಮಾತಿನಲ್ಲಿ ಹೇಳಿ ಎಂದು ಅವರಲ್ಲಿಗೆ ಹೋದೆ. ಅವರು ಕಾಗದ ತೆಗೆದು ಗ್ರಾಫ್ ಬರೆದರು.

"ತುಪ್ಪ ಬಿಟ್ಟು ಅದರ ಬದಲು ಏನು ತಿಂತೀರಿ ಅನ್ನೋದು ಮುಖ್ಯ. ಬದಲಿಗೆ ಶೇಂಗಾ, ಕಾಳು ತಿಂದರೆ ಒಂದು ಲೆಕ್ಕ. ಮೈದಾ, ಸಕ್ಕರೆ ತಿಂದರೆ ಇನ್ನೊಂದು ಲೆಕ್ಕ."

"ತುಪ್ಪವನ್ನೂ ತಿಂದು, ಅದರ ಬದಲಿದ್ದನ್ನೂ ತಿಂದರೆ?"

ಅವರು ಆ ಲೆಕ್ಕಕ್ಕೆಂದು ಇನ್ನೊಂದು ಕಾಗದ ತೆಗೆದರು. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತಿಗೆ ಕೂಗಿದರು: "ರೀ, ಗ್ರಾಫ್ ಆಮೇಲೆ ಬರೀರಿ, ಮೊದಲು ನಿಮ್ಮ ಕೊಲೆಸ್ಟ್ರಾಲ್ ಮಾತ್ರೆ ನುಂಗಿ!"

ಬಟ್ಟಲು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಬೆನ್‌ಗಳು, ಅಂದರೆ ಇಲ್ಲಿನ ಅಕ್ಕಂದಿರು, ಮಾಡಿದ ತಿಂಡಿಯನ್ನು ಬಟ್ಟಲಲ್ಲಿ ಕಳಿಸುತ್ತಾರೆ. ಬೇಡ ಎನ್ನುವಂತಿಲ್ಲ. ಬಂದ ಬಟ್ಟಲನ್ನು ಖಾಲಿ ಕಳಿಸುವಂತೆಯೂ ಇಲ್ಲ, ನಾವೂ ಏನಾದರೂ ಹಾಕಿಯೇ ಕೊಡಬೇಕು. ನನ್ನ ಹೃದಯದ ಸುದ್ದಿ ಹಬ್ಬಿದ್ದೇ ತಡ, ಕನಿಕರ ಹೆಚ್ಚಾಗಿ ಬಟ್ಟಲುಗಳೂ ಹೆಚ್ಚಾದವು. ಮೆಂತ್ಯ ಬಜ್ಜಿ, ಪೂರಿ, ತುಪ್ಪ, ಬೆಲ್ಲ ಸುರಿದು ಮಾಡಿದ ಗೋಧಿಹಿಟ್ಟಿನ ಸುಖಡಿ. ಎಲ್ಲರದೂ ಒಂದೇ ಮಾತು: "ಭಾಯಿಗೆ ಅಂತಲೇ ಹಗುರವಾಗಿ ಮಾಡಿದ್ದು."

ತೊಳೆದಿಟ್ಟ ಬಟ್ಟಲುಗಳು ದಿನವೂ ನನ್ನ ಕಣ್ಣಿಗೆ ಬೀಳುತ್ತಿದ್ದವು. ತಟ್ಟೆಯಲ್ಲಿ ಮಾತ್ರ ಒಣ ಚಪಾತಿ, ಸೋರೆಕಾಯಿ ಪಲ್ಯ. ಆ ತಿಂಡಿ ಎಲ್ಲಿ ಹೋಗುತ್ತದೋ ನನಗೆ ಅರ್ಥವಾಗಲಿಲ್ಲ. ಕೇಳಿದರೆ ಹೆಂಡತಿ, "ಪಲ್ಯ ಹಾಕ್ಲಾ?" ಎನ್ನುತ್ತಿದ್ದಳು.

ಮೂರು ತಿಂಗಳಾಯಿತು. ನನಗೆ ಧೈರ್ಯ ಬರಲೆಂದು ಅವಳೂ ಜೊತೆಗೆ ರಕ್ತ ಕೊಟ್ಟಳು. ಡಾಕ್ಟರು ನನ್ನ ರಿಪೋರ್ಟ್ ನೋಡಿ, "ಶಾಭಾಸ್, ಚೆನ್ನಾಗಿ ಇಳಿದಿದೆ. ದೊಡ್ಡ ಪರೀಕ್ಷೆ ಸದ್ಯಕ್ಕೆ ಬೇಡ" ಎಂದರು. ನನಗೆ ಅಳುವೇ ಬಂತು. ಆಮೇಲೆ ಅವರು ಅವಳ ರಿಪೋರ್ಟ್ ತೆರೆದು ಹುಬ್ಬು ಗಂಟಿಕ್ಕಿದರು.

"ಮೇಡಂ, ನಿಮ್ಮದು ಇವರ ಹಳೇ ರಿಪೋರ್ಟಿಗಿಂತ ಜಾಸ್ತಿ ಇದೆಯಲ್ಲ! ಏನು ತಿಂತಿದ್ದೀರಿ?"

ಅವಳು ಸೆರಗು ತಿರುಚುತ್ತಾ ಹೇಳಿದಳು: "ಬಂದ ತಿಂಡಿ ಬೇಡ ಅನ್ನೋ ಹಾಗಿಲ್ಲ, ಚೆಲ್ಲೋ ಹಾಗಿಲ್ಲ. ಇವರ ಕಣ್ಣಿಗೆ ಬಿದ್ರೆ ಕತೆ ಮುಗೀತು. ಇವರು ಆಫೀಸಿಂದ ಬರೋದ್ರೊಳಗೆ ನಾನೇ ತಿಂದು ಮುಗಿಸ್ತಿದ್ದೆ ಡಾಕ್ಟ್ರೇ. ಮೂರು ತಿಂಗಳು."

ಡಾಕ್ಟರು ಅವಳಿಗೂ ಮೂರು ತಿಂಗಳ ಗಡುವು ಕೊಟ್ಟರು. ಮೆಟ್ಟಿಲು ಇಳಿಯುವಾಗ ಅವಳ ಕೈ ಹಿಡಿದುಕೊಂಡೆ.

ಅವಳಿಗೆ ಬೇರೆಯದೇ ಚಿಂತೆ. "ರೀ, ಇನ್ನು ಮೇಲೆ ಆ ಬಟ್ಟಲುಗಳನ್ನ ಖಾಲಿ ಮಾಡೋರು ಯಾರು?"

ನಾನು ಎದೆಯ ಮೇಲೆ ಕೈ ಇಟ್ಟು ಹೇಳಿದೆ: "ನಾನಿದ್ದೀನಲ್ಲೇ!"