ಬಸ್ಸಿನಲ್ಲಿ ನನಗಿನ್ನೂ ಮೂರು ತುಂಬಿಲ್ಲ

ಟಿಕೆಟ್ ಕೊಡುವ ಕಿಟಕಿ ಇರುವವರೆಗೂ ಈ ದೇಶದಲ್ಲಿ ಮಕ್ಕಳ ವಯಸ್ಸು ಸರಿಯಾಗಿ ಬೆಳೆಯುವುದಿಲ್ಲ. ಮೊನ್ನೆ ಮೊಮ್ಮಗಳನ್ನು ಕರೆದುಕೊಂಡು ನೀರಾಟ, ಜಾರುಬಂಡೆ ಎಲ್ಲ ಇರುವ ದೊಡ್ಡ ಪಾರ್ಕಿಗೆ ಹೋಗಿದ್ದೆ. ಬಾಗಿಲ ಪಕ್ಕದ ಗೋಡೆಗೆ ಒಂದು ಕೆಂಪು ಗೆರೆ. ಅದಕ್ಕಿಂತ ಕುಳ್ಳಗಿದ್ದರೆ ಪುಕ್ಕಟೆ. ನಮ್ಮ ಮುಂದಿದ್ದ ತಂದೆಯೊಬ್ಬ ಪ್ರೀತಿಯಿಂದ ಇಟ್ಟವನ ಹಾಗೆ ಮಗನ ಹೆಗಲ ಮೇಲೆ ಕೈಯಿಟ್ಟು ಒತ್ತುತ್ತಿದ್ದ. ಹುಡುಗ ಮಂಡಿ ಬಗ್ಗಿಸಿ, ಕತ್ತು ಒಳಗೆಳೆದುಕೊಂಡು ಗೆರೆಯ ಕೆಳಗೆ ನಿಂತಿದ್ದ. ಸಾಲಿನಲ್ಲಿದ್ದವರೆಲ್ಲ ಮುಸಿಮುಸಿ ನಕ್ಕರು. ನಾನು ನಗಲಿಲ್ಲ. ಆ ವಿದ್ಯೆಯಲ್ಲಿ ಹತ್ತು ವರ್ಷ ಪಳಗಿದವಳು ನಾನು.

ಕಲಿಸಿದವಳು ನಮ್ಮಜ್ಜಿ, ಅಪ್ಪನ ತಾಯಿ. ಅವಳನ್ನು ಸುಳ್ಳುಬುರುಕಿ ಅಂತ ಯಾರಾದರೂ ಅಂದರೆ ಇವತ್ತಿಗೂ ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತೇನೆ. ಆದರೆ ಅವಳ ಮೇಲೆ ನನಗೂ ಒಂದು ಸಿಟ್ಟಿತ್ತು. ನನ್ನ ಪಾಲಿಗೆ ಒಂದು ಟಿಕೆಟ್, ನಾನೇ ಕೂರುವ ಒಂದು ಸೀಟು, ಇಷ್ಟೇ ನಾನು ಕೇಳುತ್ತಿದ್ದದ್ದು. ಎಲ್ಲರ ಹಾಗೆ ನಾನೂ ಒಬ್ಬಳು ಅಂತ ಲೆಕ್ಕಕ್ಕೆ ಬರಬೇಕಿತ್ತು. ಅದೊಂದನ್ನು ಬಿಟ್ಟು ಅಜ್ಜಿ ನನಗೆ ಎಲ್ಲವನ್ನೂ ಕೊಡಿಸಿದಳು.

೧. ಕಿವಿ ಮುಟ್ಟಿದ್ದು

ನಮ್ಮದು ಶ್ರೀನಿವಾಸಪುರದ ಕಡೆಯ ಹಳ್ಳಿ. ರಾಗಿ, ಹಿಪ್ಪುನೇರಳೆ, ಒಂದಿಷ್ಟು ತರಕಾರಿ. ಅಮ್ಮ, ಅಜ್ಜಿ ಇಬ್ಬರೂ ರೇಷ್ಮೆ ಹುಳುವಿಗೆ ಸೊಪ್ಪು ತರಲು ತೋಟಕ್ಕೆ ಹೋದರೆ ನನ್ನನ್ನು ನೋಡಿಕೊಳ್ಳುವವರಿರಲಿಲ್ಲ. ಹಾಗಾಗಿ ಐದು ವರ್ಷಕ್ಕೇ ನನ್ನನ್ನು ಶಾಲೆಗೆ ಸೇರಿಸಬೇಕೆಂದು ಅಜ್ಜಿ ನಿರ್ಧರಿಸಿದಳು. ಸೇರಿಸಿಕೊಳ್ಳಲು ಆರಾಗಿರಬೇಕು. ಹುಟ್ಟಿದ ದಿನ ಬರೆದಿಟ್ಟವರು ಊರಲ್ಲಿ ಯಾರಿದ್ದರು? ಮೇಷ್ಟರ ಹತ್ತಿರ ಒಂದೇ ಪರೀಕ್ಷೆ ಇತ್ತು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಬೆರಳು ಕಿವಿಗೆ ತಾಗಿತೋ, ಆರು ವರ್ಷ.

ಅಜ್ಜಿ ಒಂದು ತಿಂಗಳು ದಿನಾ ಬೆಳಿಗ್ಗೆ ನನ್ನ ತೋಳಿಗೆ ಎಣ್ಣೆ ತಿಕ್ಕಿ ಎಳೆದಳು. ಕತ್ತು ಗೊತ್ತಾಗದ ಹಾಗೆ ವಾಲಿಸುವುದನ್ನೂ ಕಲಿಸಿದಳು. ಮೇಷ್ಟರ ಎದುರು ನನ್ನ ನಡುಬೆರಳು ಕಿವಿಯ ತುದಿಗೆ ತಾಗಿಯೇಬಿಟ್ಟಿತು.

"ಹುಟ್ಟಿದ ದಿನ ಯಾವುದಮ್ಮಾ?" ಎಂದರು ಮೇಷ್ಟ್ರು.

"ನಮ್ಮ ಕೆಂಪು ಹಸ ಎರಡನೇ ಕರ ಹಾಕಿದ ದಿನ ಸ್ವಾಮಿ."

"ಆ ಕರಕ್ಕೀಗ ಎಷ್ಟು ವರ್ಷ?"

"ಅದನ್ನ ಮಾರಿಬಿಟ್ವಲ್ಲ!"

ಮೇಷ್ಟ್ರು ನಿಟ್ಟುಸಿರು ಬಿಟ್ಟು ಜೂನ್ ಒಂದು ಅಂತ ಬರೆದುಕೊಂಡರು. ಆ ವರ್ಷ ಸೇರಿದ ಮಕ್ಕಳೆಲ್ಲರಿಗೂ ಅದನ್ನೇ ಬರೆದಿದ್ದರು. ಹುಟ್ಟುಹಬ್ಬ ಮಾಡುವ ಪದ್ಧತಿ ನಮ್ಮ ಕಡೆ ಇರಲಿಲ್ಲ, ಬಚಾವಾದೆವು. ಇದ್ದಿದ್ದರೆ ಒಂದೇ ದಿನ ಇಡೀ ತರಗತಿಗೆ ಪಾಯಸ ಕಾಯಿಸಬೇಕಾಗುತ್ತಿತ್ತು.

೨. ಪೇಟದ ಯಜಮಾನರ ವಯಸ್ಸು

ಮಾಲೂರಿನಿಂದ ಹೊರಟು ಕೋಲಾರ, ಶ್ರೀನಿವಾಸಪುರ ಸುತ್ತಿಕೊಂಡು ಮುಳಬಾಗಿಲು ಸೇರುವ ಒಂದು ಖಾಸಗಿ ಬಸ್ಸಿತ್ತು. ನಮ್ಮೂರಿಗೆ ಅದೊಂದೇ. ಅದಕ್ಕೆ ಒಬ್ಬನೇ ಕಂಡಕ್ಟರ್. ಅವನ ಬಸ್ಸಿನಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಹನ್ನೆರಡರವರೆಗೆ ಅರ್ಧ ಟಿಕೆಟ್. ಮುಳಬಾಗಿಲಿನ ಆಚೆ ತಾಯಲೂರಿನಲ್ಲಿದ್ದ ಅತ್ತೆಯ ಮನೆಗೆ ನಾನು, ಅಜ್ಜಿ ತಿಂಗಳಿಗೊಮ್ಮೆ ಹೋಗುತ್ತಿದ್ದೆವು. ಶಾಲೆಯಲ್ಲಿ ಆರು ವರ್ಷದವಳಾಗಿದ್ದ ನಾನು ಬಸ್ಸು ಬಂತೆಂದರೆ ಅಜ್ಜಿಯ ಸೊಂಟ ಹತ್ತುತ್ತಿದ್ದೆ. ನನ್ನ ಕಾಲು ಅವಳ ಮಂಡಿಗೆ ಬಡಿಯುತ್ತಿತ್ತು.

"ಬಸ್ಸಲ್ಲಿ ನಿಂಗೆ ಮಾತು ಬರಲ್ಲ ಕಣೇ, ಗೊತ್ತಾಯ್ತಾ?" ಎನ್ನುವುದು ಅಜ್ಜಿಯ ಆಜ್ಞೆ.

"ಮಗೀಗೆ ಎಷ್ಟು ವರ್ಷ ಅಜ್ಜೀ?" ಎಂದ ಕಂಡಕ್ಟರ್.

"ಮೂರು ತುಂಬಿಲ್ಲಪ್ಪ."

ಅವನೂ ನಮ್ಮ ಶಾಲೆಯಲ್ಲೇ ಓದಿದವನು. "ಎಲ್ಲಿ ಪುಟ್ಟಿ, ಕಿವಿ ಮುಟ್ಟು ನೋಡೋಣ" ಎಂದುಬಿಟ್ಟ. ತಿಂಗಳಿಡೀ ಎಣ್ಣೆ ಕುಡಿದ ಕೈ, ನನ್ನ ಮಾತು ಕೇಳುತ್ತದೆಯೇ? ಸರ್ರನೆ ಹೋಗಿ ಕಿವಿ ಹಿಡಿಯಿತು. ಮೆಚ್ಚುತ್ತಾಳೆಂದು ಅಜ್ಜಿಯ ಮುಖ ಬೇರೆ ನೋಡಿದೆ.

ಅಜ್ಜಿ ಅಲುಗಲಿಲ್ಲ. "ಕೈ ಬೆಳೆದಿದೆ, ವಯಸ್ಸು ಬೆಳೆದಿಲ್ಲ. ಅದಕ್ಕೇನ್ಮಾಡ್ಲಿ?" ಎಂದಳು. ಅಷ್ಟರಲ್ಲಿ ಬಸ್ಸಿನವರೆಲ್ಲ ತಮಾಷೆಗೆ ತಮ್ಮ ತಮ್ಮ ಕಿವಿ ಮುಟ್ಟಿಕೊಳ್ಳತೊಡಗಿದ್ದರು. ಮುಂದಿನ ಸೀಟಿನಲ್ಲಿ ಭಾರೀ ಪೇಟ ಸುತ್ತಿದ್ದ ದಪ್ಪ ಯಜಮಾನರೊಬ್ಬರು ಎಷ್ಟು ಹೆಣಗಿದರೂ ಕೈ ಆಚೆ ಕಿವಿಗೆ ಎಟುಕಲಿಲ್ಲ. ಅಜ್ಜಿ ಅದನ್ನೇ ಕಾಯುತ್ತಿದ್ದವಳಂತೆ ಎದ್ದು ನಿಂತಳು.

"ನೋಡಪ್ಪಾ, ನಿನ್ನ ಲೆಕ್ಕದಲ್ಲಿ ಇವರಿಗೆ ಮೂರು ತುಂಬಿಲ್ಲ. ಮೊದಲು ಇವರ ದುಡ್ಡು ವಾಪಸ್ ಕೊಡು, ಆಮೇಲೆ ನನ್ನ ಕೇಳು!"

೩. ಅಳಿಸಿಹೋದ ಅಕ್ಷರ

ಶಾಲೆಗೆ ಹೋದ ತಪ್ಪಿಗೆ ನನಗೆ ಓದು ಬಂತು. ಒಂದು ದಿನ ಬಸ್ಸಿನ ತಗಡಿನ ಮೇಲೆ ಬರೆದದ್ದನ್ನು ಜೋರಾಗಿ ಓದಿಬಿಟ್ಟೆ: "ಕೈ, ತಲೆ ಹೊರಗೆ ಹಾಕಬೇಡಿ."

ಕಂಡಕ್ಟರ್ ಸರಕ್ಕನೆ ತಿರುಗಿದ. "ಓದಿದ್ದು ಯಾರು?"

"ನಾನು" ಎಂದಳು ಅಜ್ಜಿ. ಅವಳಿಗೆ ಹೆಬ್ಬೆಟ್ಟು ಬಿಟ್ಟರೆ ಬೇರೆ ಸಹಿ ಗೊತ್ತಿರಲಿಲ್ಲ.

"ಹಂಗಾದ್ರೆ ಅದರ ಪಕ್ಕದ್ದೂ ಓದಿ ಅಜ್ಜೀ."

ಅಜ್ಜಿ ಸೆರಗಿನ ಮರೆಯಲ್ಲಿ ನನ್ನನ್ನು ಚಿವುಟಿದಳು. ನಾನು ಅವಳ ಕಿವಿಯಲ್ಲಿ ಉಸುರಿದೆ, ಅವಳು ಗಂಭೀರವಾಗಿ ಹೇಳಿದಳು: "ಮೂರು ವರ್ಷ... ಮೇಲ್ಪಟ್ಟ... ಮಕ್ಕಳಿಗೆ..." ಅಲ್ಲಿಗೆ ಗಕ್ಕನೆ ನಿಂತಳು. ಕಣ್ಣು ಕಿರಿದು ಮಾಡಿ ತಗಡನ್ನು ಒಮ್ಮೆ ನೋಡಿ ತಲೆಯಾಡಿಸಿದಳು.

"ಮುಂದಕ್ಕೆಲ್ಲ ಅಳಿಸಿಹೋಗಿದೆ. ಬಣ್ಣ ಹೊಡೆಸಪ್ಪ, ಜನಕ್ಕೆ ಗೊತ್ತಾಗೋದು ಹೆಂಗೆ?"

೪. ದೇವರ ಸೀಟು

ಊರಿನ ಅರಳಿಕಟ್ಟೆಗೆ ಒಂದು ಗಣಪತಿ ಬೇಕಾಯಿತು. ಮಾಲೂರಿನ ಹತ್ತಿರದ ಶಿವಾರಪಟ್ಟಣದಲ್ಲಿ ಕೆತ್ತಿಸಿದ್ದಾಯಿತು. ತರಲು ಅಪ್ಪನ ಜೊತೆ ಅಜ್ಜಿ, ಅಜ್ಜಿಯ ಬಾಲವಾಗಿ ನಾನು ಹೋದೆವು. ಆಗ ನನಗೆ ನಿಜವಾಗಿ ಆರು, ಶಾಲೆಯಲ್ಲಿ ಏಳು. ಬಸ್ಸಿನಲ್ಲಿ ಇನ್ನೂ ಮೂರು ತುಂಬಿರಲಿಲ್ಲ.

ಮಾಲೂರಿನಲ್ಲಿ ಅದೇ ಬಸ್ಸು, ಅದೇ ಕಂಡಕ್ಟರ್. ಗಣಪತಿಯನ್ನು ಟಾಪಿಗೆ ಹಾಕಿ ಎಂದ. ದೇವರನ್ನು ಮೂಟೆಯ ಜೊತೆ ಹಾಕುವುದೇ? ಅಜ್ಜಿಗೆ ರೇಗಿತು. ರೇಗಿದರೆ ಅವಳ ಬಾಯಲ್ಲಿ ತೆಲುಗೇ ಬರುತ್ತಿದ್ದದ್ದು. "ಏಮಯ್ಯಾ, ನೀಕು ದೇವುಡಂಟೇ ಭಯಂ ಲೇದಾ?" ದೇವರ ಭಯವೇ ಇಲ್ಲವೇ ಎಂದು ಕೇಳಿ, ಅಪ್ಪ ಮತ್ತು ಇನ್ನೊಬ್ಬರ ಕೈಲಿ ಹೊರಿಸಿ, ವಿಗ್ರಹವನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿಯೇಬಿಟ್ಟಳು.

"ಸೀಟು ಹಿಡಿದ್ರೆ ಫುಲ್ ಟಿಕೆಟ್" ಎಂದ ಕಂಡಕ್ಟರ್.

"ಅದು ಕೆತ್ತಿ ಹದಿನೈದು ದಿನ ಆಯ್ತಷ್ಟೆ. ಇನ್ನೂ ಕಣ್ಣು ಕೂಡ ಬಿಟ್ಟಿಲ್ಲ. ಮೂರು ವರ್ಷದೊಳಗೆ ಟಿಕೆಟ್ ಇಲ್ಲ ಅಂತ ನೀನೇ ತಾನೆ ಹೇಳೋದು?"

ಅಜ್ಜಿ ಹೇಳಿದ್ದು ಸುಳ್ಳಲ್ಲ. ನಮ್ಮಲ್ಲಿ ವಿಗ್ರಹಕ್ಕೆ ಕಣ್ಣು ತೆರೆಸುವುದು ಪ್ರತಿಷ್ಠೆಯ ಹೊತ್ತಿನಲ್ಲೇ. ಬಸ್ಸೆಲ್ಲ ಹೋ ಎಂದಿತು. ಆದರೆ ಕಂಡಕ್ಟರನಿಗೂ ಅಷ್ಟು ಹೊತ್ತಿಗೆ ಅಜ್ಜಿಯ ಜೊತೆ ವರ್ಷದ ಅನುಭವವಾಗಿತ್ತು.

"ಸರಿ ಅಜ್ಜೀ. ಮೂರು ವರ್ಷದೊಳಗಿನೋರನ್ನ ತೊಡೆ ಮೇಲೆ ಕೂರಿಸ್ಕೋಬೇಕು. ಕೂರಿಸ್ಕೊಳಿ."

ಅಜ್ಜಿ ಒಮ್ಮೆ ಗಣಪತಿಯ ಹೊಟ್ಟೆ ನೋಡಿದಳು, ಒಮ್ಮೆ ತನ್ನ ತೊಡೆ ನೋಡಿಕೊಂಡಳು. ಸೊಂಟದ ಸಂಚಿ ಬಿಚ್ಚಿದಳು. ಅವಳು ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನಗೆ ಮಾತ್ರ ಮೈಯೆಲ್ಲ ಉರಿಯಿತು. ಹದಿನೈದು ದಿನದ ಕಲ್ಲಿಗೆ ಟಿಕೆಟ್, ಅದೂ ಕಿಟಕಿ ಪಕ್ಕ! "ನಂಗೂ ಟಿಕೆಟ್ ಬೇಕು!" ಎಂದು ಕಿರುಚಿದೆ. "ನಂಗೆ ಆರು ವರ್ಷ, ನಾನು ಎರಡನೇ ಕ್ಲಾಸು!"

ಕಂಡಕ್ಟರನ ಮುಖ ಅರಳಿತು. ಅಜ್ಜಿ ನನ್ನ ಬಾಯಿಗೆ ಒಂದು ಚೂರು ಬೆಲ್ಲ ತುರುಕಿ ಹೇಳಿದಳು:

"ಏನೋ ತೊದಲ್ತಿದೆ ಪಾಪ. ಈಗೀಗ ಮಾತು ಕಲೀತಿದೆ."

೫. ನಾಲ್ಕು ವಯಸ್ಸಿನ ಹುಡುಗಿ

ನನಗೆ ಎಂಟಾದಾಗ ಬಸ್ಸಿನಲ್ಲಿ ಮೂರು ತುಂಬಿತು. ಅರ್ಧ ಟಿಕೆಟ್ ಸಿಕ್ಕಿತು. ಅಲ್ಲಿಂದ ಸರಸರನೆ ಬೆಳೆದು, ಹನ್ನೆರಡರ ಹೊಸ್ತಿಲಿಗೆ ಬಂದು ನಿಂತುಬಿಟ್ಟೆ. ಎಸ್ಸೆಸ್ಸೆಲ್ಸಿ ಪಾಸಾದರೂ ಅಜ್ಜಿಯ ಜೊತೆ ಹೊರಟರೆ ಎರಡು ಜಡೆ, ಕೆಂಪು ರಿಬ್ಬನ್, ಬಗ್ಗಿಸಿದ ಬೆನ್ನು. "ಒಂದೂವರೆ ಕೊಡಪ್ಪ" ಎನ್ನುವಳು. ಕಂಡಕ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಣೆ ಚಚ್ಚಿಕೊಂಡು ಒಂದೂವರೆ ಹರಿಯುತ್ತಿದ್ದ.

ನನಗೆ ಕೋಲಾರದ ಕಾಲೇಜಿಗೆ ಸೇರಿ ಮುಂದೆ ಟೀಚರ್ ಆಗುವ ಆಸೆ. ಅಷ್ಟರಲ್ಲಿ ಹುತ್ತೂರಿನಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಸರ್ಕಾರಿ ಕೆಲಸ. ಅಪ್ಪ ಹಿಗ್ಗಿಹೋದ. ಅತ್ತರೂ ಊಟ ಬಿಟ್ಟರೂ ಯಾರೂ ನನ್ನ ಮಾತು ಕೇಳಲಿಲ್ಲ, ಅಜ್ಜಿಯೂ ಸೇರಿ. ಟಿಕೆಟ್ಟೇ ಇಲ್ಲದವಳನ್ನು ಎಲ್ಲಿ ಇಳೀತೀಯ ಅಂತ ಯಾರು ಕೇಳುತ್ತಾರೆ?

ಹೆಣ್ಣು ನೋಡಲು ಬಂದರು. ಹುಡುಗ, ಅವನ ತಂದೆ ತಾಯಿ, ಕೊನೆಯಲ್ಲಿ ಅವನ ಸೋದರಮಾವ. ಕಾಫಿ ತಟ್ಟೆ ಹಿಡಿದು ತಲೆ ಎತ್ತಿದರೆ ಆ ಸೋದರಮಾವ ನಮ್ಮ ಕಂಡಕ್ಟರೇ! ಖಾಕಿ ಬಿಟ್ಟು ಬಿಳಿ ಪಂಚೆ ಉಟ್ಟಿದ್ದ.

"ಹುಡುಗಿ ವಯಸ್ಸೆಷ್ಟು?" ಎಂದರು ಹುಡುಗನ ತಂದೆ.

ನಡುಮನೆಯ ಬಾಗಿಲಲ್ಲಿ ಕೂತಿದ್ದ ಅಜ್ಜಿ ಬಂದವರ ಮುಖ ಸರಿಯಾಗಿ ನೋಡದೆ, "ಹದಿನೆಂಟು ತುಂಬ್ತು" ಎಂದುಬಿಟ್ಟಳು. ಕಂಡಕ್ಟರ್ ಕಾಫಿ ಲೋಟ ಕೆಳಗಿಟ್ಟ.

"ಹದಿನೆಂಟಾ ಅಜ್ಜೀ? ಹೋದ ವಾರ ನನ್ನ ಬಸ್ಸಲ್ಲಿ ಹನ್ನೆರಡು ಅಂದ್ರಿ. ಕಿವಿ ಮುಟ್ಟಿಸ್ಲಾ?"

ಆ ಗಳಿಗೆಯಲ್ಲಿ ನನಗೆ ನಾಲ್ಕು ವಯಸ್ಸಿದ್ದವು. ಅಮ್ಮ ಹೆತ್ತಂತೆ ಹದಿನೈದು, ಮೇಷ್ಟ್ರು ಬರೆದಂತೆ ಹದಿನಾರು, ಬಸ್ಸಿನಲ್ಲಿ ಹನ್ನೆರಡು, ಮದುವೆಗೆ ಹದಿನೆಂಟು. ಗೂಡಿನಲ್ಲಿದ್ದ ಪುಸ್ತಕದೊಳಗಿಂದ ಹೋದ ವಾರದ ಅರ್ಧ ಟಿಕೆಟ್ ತೆಗೆದು ಎಲ್ಲರ ಮುಂದೆ ಚಾಪೆಯ ಮೇಲಿಟ್ಟೆ.

"ನಂಗೆ ಹನ್ನೆರಡು. ಅಜ್ಜಿ ಯಾವತ್ತೂ ಸುಳ್ಳು ಹೇಳಲ್ಲ" ಎಂದೆ.

ಅಪ್ಪ ಹಲ್ಲು ಕಡಿಯುತ್ತಿದ್ದ. ಎಲ್ಲರೂ ಅಜ್ಜಿಯತ್ತ ತಿರುಗಿದರು. ಹದಿನೆಂಟು ಅಂದರೆ ಮದುವೆ ಆಗುತ್ತದೆ, ಆದರೆ ಇಷ್ಟು ವರ್ಷ ಬಸ್ಸಿನಲ್ಲಿ ಹೇಳಿದ್ದೆಲ್ಲ ಸುಳ್ಳೆಂದು ಆ ಕಂಡಕ್ಟರನ ಎದುರೇ ಒಪ್ಪಬೇಕು. ಅಜ್ಜಿ ಟಿಕೆಟ್ಟನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅಷ್ಟು ಹೊತ್ತು ಅವಳು ನನ್ನನ್ನು ನೋಡಿದ್ದು ಅದೇ ಮೊದಲು.

"ಹನ್ನೆರಡೇ" ಎಂದಳು. "ಇನ್ನೂ ಮಗು. ಓದ್ಕೊಳ್ಲಿ ಬಿಡಿ."

ಹುಡುಗನ ಕಡೆಯವರು ಎದ್ದು ಹೋದರು. ಅಪ್ಪ ಒಂದು ವಾರ ಅಜ್ಜಿಯ ಜೊತೆ ಮಾತು ಬಿಟ್ಟ. ಅವಳು ಹಾಗೆ ಹೇಳಿದ್ದು ಹಟಕ್ಕೋ ನನ್ನ ಮೇಲಿನ ಅಕ್ಕರೆಗೋ, ನಾನು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಸುಳ್ಳು ಹೇಳುತ್ತಿದ್ದಳು.

ಮುಂದಿನ ತಿಂಗಳು ಕಾಲೇಜಿಗೆ ಸೇರಿಸಲು ಅಜ್ಜಿಯೇ ನನ್ನ ಜೊತೆ ಕೋಲಾರಕ್ಕೆ ಹೊರಟಳು. ಅದೇ ಬಸ್ಸು. ನಾನು ಒಂದೇ ಜಡೆ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಕಿಟಕಿ ಪಕ್ಕ ಕೂತೆ. ಕಂಡಕ್ಟರ್ ಬಂದ. ಇವತ್ತು ಬಿಡಬಾರದೆಂದುಕೊಂಡು ಎದೆಯುಬ್ಬಿಸಿ ಕೈ ಚಾಚಿದೆ.

"ಕೋಲಾರಕ್ಕೆ ಎರಡು ಫುಲ್!"

ಅಜ್ಜಿ ನನ್ನ ಕೈಗೆ ಪಟ್ಟನೆ ಹೊಡೆದು ಕೆಳಗಿಳಿಸಿದಳು.

"ಒಂದೂವರೆ ಕೊಡಪ್ಪ. ಹೋದ ತಿಂಗಳು ಅಷ್ಟು ಜನದ ಮುಂದೆ, ನೀನೂ ಕೂತಿದ್ದಾಗಲೇ ತೀರ್ಮಾನ ಆಗಿದೆಯಲ್ಲ, ಹನ್ನೆರಡು ಅಂತ!"