ಹದಿಮೂರು ರೊಟ್ಟಿಯ ಕಟ್ಟು

ಗಣಿತ ಕಲಿಸುವವನ ಮಾನ ಗಣಿತದಲ್ಲೇ ಹೋಗುತ್ತದೆ; ನನ್ನದಂತೂ ವಾರಕ್ಕೊಮ್ಮೆ ಹೋಗಿ ಬರುತ್ತದೆ. ವಿಜಯಪುರದ ಸ್ಟೇಷನ್ ರಸ್ತೆಯ ಕೋಚಿಂಗ್ ಕ್ಲಾಸೊಂದರಲ್ಲಿ ನೌಕರಿ ಪರೀಕ್ಷೆಗೆ ಕೂಡುವವರಿಗೆ ಪಾಠ ಹೇಳುತ್ತೇನೆ. ಚೆನ್ನಾಗಿಯೇ ಹೇಳುತ್ತೇನೆ, ಆ ಬಗ್ಗೆ ನನಗೆ ಸಂಶಯವಿಲ್ಲ.

೧. ನನ್ನ ಸುಲಭ ಸೂತ್ರ

ಸಾರವಾಡದಿಂದ ರೊಟ್ಟಿ ಮಾರುವ ಮನೆಯ ಸೊಸೆಯೊಬ್ಬಳು ಪೊಲೀಸ್ ಪರೀಕ್ಷೆಯ ತಯಾರಿಗೆ ಬರುತ್ತಿದ್ದಳು. ಎರಡು ಸಲ ಬರೆದಿದ್ದಳು, ಎರಡು ಸಲವೂ ನೌಕರಿ ಕೂದಲೆಳೆಯಲ್ಲಿ ತಪ್ಪಿತ್ತು. ಈ ಸಲ ಆಗದಿದ್ದರೆ ವಯಸ್ಸು ಮೀರುತ್ತಿತ್ತು. ಜೊತೆಗೆ ಅತ್ತೆಯೂ ಬರುವರು. ಅಂಗಡಿಗಳಿಗೆ ಖಡಕ್ ರೊಟ್ಟಿ ಕೊಟ್ಟು, ಸೊಸೆಯ ಜೊತೆಗೇ ಬಸ್ ಹಿಡಿಯಲೆಂದು ಹಿಂದಿನ ಬೆಂಚಿನಲ್ಲಿ ಕೂಡುವರು.

ಅವತ್ತು ಅವಿಭಾಜ್ಯ ಸಂಖ್ಯೆಗಳ ಪಾಠ. "ಪರೀಕ್ಷಾದಾಗ ಟೈಮ್ ಇರೂದಿಲ್ಲ. ಎರಡು, ಮೂರು, ಐದು, ಇವುಗಳಿಂದ ಭಾಗ ಹೋಗಲಿಲ್ಲಂದ್ರ ಕಣ್ಣು ಮುಚ್ಚಿ ಅವಿಭಾಜ್ಯ ಅನ್ರಿ" ಎಂದು ಬೋರ್ಡಿನ ಮೇಲೆ ೯೧ ಬರೆದೆ.

ಹಿಂದಿನಿಂದ ಅತ್ತೆಯ ದನಿ ಬಂತು. "ಸರ್ರ, ತೊಂಬತ್ತೊಂದು ರೊಟ್ಟಿ ಏಳು ಕಟ್ಟ ಆಗತಾವಲ್ರಿ. ಹದಿಮೂರಕ್ಕೊಂದು ಕಟ್ಟ."

"ಹದಿಮೂರು ಯಾಕವ್ವ? ಡಜನ್ ಅಂದ್ರ ಹನ್ನೆರಡು."

"ಹನ್ನೆರಡು ಲೆಕ್ಕಕ್ಕ. ಒಂದು ಬಸ್ಸಿನ್ಯಾಗ ಮುರಿತೈತ್ರಿ."

ನಾನು ಮೆಲ್ಲಗೆ ೯೧ ಒರೆಸಿದೆ.

೨. ಸೂತ್ರದ ದುರಸ್ತಿ

ಮರುದಿನ ಪೂರ್ತಿ ತಯಾರಾಗಿ ಹೋದೆ. ಸೂತ್ರಕ್ಕೆ ಏಳು, ಹನ್ನೊಂದು ಎರಡನ್ನೂ ಸೇರಿಸಿದ್ದೆ. ೨೨೧ ಬರೆದು, ಯಾವುದರಿಂದಲೂ ಭಾಗ ಹೋಗದ್ದನ್ನು ತೋರಿಸಿ, ಎದೆಯುಬ್ಬಿಸಿ ಹಿಂದಿನ ಬೆಂಚಿನ ಕಡೆ ನೋಡಿದೆ.

"ಹದಿನೇಳು ಕಟ್ಟ" ಎಂದರು ಅತ್ತೆ.

ಸೊಸೆಗೆ ನಾಚಿಕೆ. "ಅತ್ತಿ, ಸುಮ್ಮ ಕೂಡ್ರಿ. ಸರ್‌ಗೆ ಗೊತ್ತೈತಿ."

"ಗೊತ್ತಿದ್ರ ಹೇಳ್ತಿದ್ರಲ್ಲವಾ" ಎಂದರು ಅವರು, ಪಾಪ, ನನ್ನ ಮೇಲಿನ ಕನಿಕರದಿಂದಲೇ.

ಅಂದಿನಿಂದ ಮನೆಯಲ್ಲಿ ರೊಟ್ಟಿ ಕಟ್ಟುವ ಕೆಲಸ ಸೊಸೆಗೆ ಬಂತು. ಹದಿಮೂರರ ಮಗ್ಗಿ ಬಾಯಿಗಿಂತ ಮೊದಲು ಕೈಗೆ ಬಂತು. ಉಳಿದ ವಿದ್ಯಾರ್ಥಿಗಳು ನೋಟಬುಕ್ಕಿನಲ್ಲಿ ನನ್ನ ಸೂತ್ರದ ಕೆಳಗೆ 'ಅತ್ತಿಯನ್ನ ಕೇಳಬೇಕು' ಎಂದು ಬರೆದುಕೊಂಡರು.

೩. ಪರೀಕ್ಷೆಯ ಹಾಲ್

ಪರೀಕ್ಷೆಯಲ್ಲಿ ಪ್ರಶ್ನೆ ಬಂದೇ ಬಂತು: ೨೪೭, ೨೯೩, ೨೯೯, ೩೭೭. ಇವುಗಳಲ್ಲಿ ಅವಿಭಾಜ್ಯ ಯಾವುದು? ಸೊಸೆ ಪೆನ್ನು ಕೆಳಗಿಟ್ಟು, ಕಣ್ಣು ಮುಚ್ಚಿ, ಗಾಳಿಯಲ್ಲೇ ರೊಟ್ಟಿ ಪೇರಿಸಿ ಕಟ್ಟತೊಡಗಿದಳು. ಮೇಲ್ವಿಚಾರಕರು ಓಡಿ ಬಂದರು. "ಯಾರಿಗ್ರೀ ಕೈಸನ್ನಿ ಮಾಡಾಕತ್ತೀರಿ?"

"ಯಾರಿಗೂ ಇಲ್ರಿ ಸರ್. ರೊಟ್ಟಿ ಕಟ್ಟಾಕತ್ತೇನ್ರಿ."

ಅವರು ಬಗ್ಗಿ ಡೆಸ್ಕಿನ ಕೆಳಗೆಲ್ಲ ರೊಟ್ಟಿ ಹುಡುಕಿದರಂತೆ. ಸಿಗಲಿಲ್ಲ. "ಬೇಗ ಕಟ್ಟಿ ಮುಗಸ್ರಿ" ಎಂದು ಹೋದರಂತೆ. ಮೂರು ಸಂಖ್ಯೆಗಳು ಸರಿಯಾಗಿ ಕಟ್ಟಾದವು. ೨೯೩ರಲ್ಲಿ ಮಾತ್ರ ಏಳು ರೊಟ್ಟಿ ಹೊರಗುಳಿದವು. ಅದಕ್ಕೇ ಗುರುತು ಹಾಕಿ ಬಂದಳು.

ಫಲಿತಾಂಶದ ದಿನ ಪಟ್ಟಿಯ ಕೊನೆಯಲ್ಲಿ ಅವಳ ಹೆಸರು ಕಂಡಾಗ ನನ್ನ ಕಣ್ಣು ಒದ್ದೆಯಾಯಿತು. ಒಂದೇ ಒಂದು ಅಂಕ ಕಡಿಮೆಯಾಗಿದ್ದರೂ ಹೋಗುತ್ತಿತ್ತು. ನನ್ನ ಪಾಠದ ಕೀರ್ತಿ ಬಬಲೇಶ್ವರ, ತಿಕೋಟಾದವರೆಗೂ ಹರಡಿತೆಂದೇ ತಿಳಿದೆ.

ಮುಂದಿನ ವಾರ ತಿಕೋಟಾದ ಹಿರಿಯರೊಬ್ಬರು ಮಗಳ ಹೆಸರು ಹಚ್ಚಲು ಬಂದರು. "ಗಣಿತ ಯಾರು ಹೇಳ್ತಾರ್ರಿ?"

"ನಾನೇ" ಎಂದೆ ಗತ್ತಿನಿಂದ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಹಂಗಾರ ಸಾರವಾಡದ ಅತ್ತಿ ಹೇಳೂದು ಬಿಟ್ಟಾರೇನ್ರಿ?"